ಗೇಟು ದಾಟಿದ್ದಾಯ್ತು, ಮೆಟ್ಟಿಲೆಲ್ಲಿ?

ಕಡಕೊಳದ ಕಾರ್ಖಾನೆಗಳಿಗೆ ಆಳು ಬೇಕು, ಸುತ್ತಲ ಹಳ್ಳಿಯವರಿಗೆ ಕೆಲಸ ಬೇಕು. ಇಬ್ಬರನ್ನೂ ಒಂದೆಡೆ ತರುವ ತರಬೇತಿ ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹತ್ತು ವರ್ಷ ಒಂದೇ ಮೆಷಿನ್ ಮುಂದೆ ನಿಂತವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸುವ ತರಬೇತಿ ಎಲ್ಲಿದೆ? ಅದರ ಖರ್ಚು ಯಾರದು, ಲಾಭ ಯಾರಿಗೆ?

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೈಸೂರು–ನಂಜನಗೂಡು ರಸ್ತೆಯ ಕಡಕೊಳ ಸ್ಟಾಪಿನಲ್ಲಿ ಫಸ್ಟ್ ಶಿಫ್ಟಿನವರು ಕಂಪನಿ ಬಸ್ಸಿಗೆ ಕಾಯುತ್ತಿದ್ದಾರೆ. ಕೊರಳಲ್ಲಿ ಐಡಿ ಕಾರ್ಡು, ಹೆಗಲಿನ ಬ್ಯಾಗಿನಲ್ಲಿ ನೀರಿನ ಬಾಟಲಿ. ನೈಟ್ ಶಿಫ್ಟ್ ಮುಗಿಸಿದವರು ಟೀ ಅಂಗಡಿಯ ಮುಂದೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ನಿಂತಿದ್ದಾರೆ. ಎರಡೂ ಗುಂಪಿನ ನಡುವೆ ಒಂದು ಲೈಟು ಕಂಬ. ಅದರ ಮೈತುಂಬ ಒಂದರ ಮೇಲೊಂದು ಅಂಟಿಸಿದ ಚೀಟಿಗಳು.

‘ಬೇಕಾಗಿದ್ದಾರೆ. ಡಿಪ್ಲೊಮಾ, ಐಟಿಐ, ಪಿಯುಸಿ, ಎಸ್ಸೆಸ್ಸೆಲ್ಸಿ ಪಾಸ್/ಫೇಲ್. ಪಿಎಫ್, ಇಎಸ್‌ಐ, ಕ್ಯಾಂಟೀನ್, ಬಸ್ ಸೌಲಭ್ಯವಿದೆ.’ ಕೆಳಗೊಂದು ಮೊಬೈಲ್ ನಂಬರು.

ಕೈಗಾರಿಕಾ ಪ್ರದೇಶದ ಯಾವ ಕಂಬ ನೋಡಿದರೂ ಇಂಥ ಚೀಟಿ ಕಾಣುತ್ತದೆ. ನನಗಂತೂ ಆ ‘ಪಾಸ್/ಫೇಲ್’ ಅನ್ನುವ ಜೋಡಿಯಷ್ಟು ಪ್ರಾಮಾಣಿಕವಾದ ಬರಹ ಯಾವ ಕೌಶಲ್ಯಾಭಿವೃದ್ಧಿ ವರದಿಯಲ್ಲೂ ಸಿಕ್ಕಿಲ್ಲ. ಪಾಸಾದವರಿಗೂ ಫೇಲಾದವರಿಗೂ ಒಂದೇ ಗೇಟು, ಒಂದೇ ಲೈನು. ಸೇರುವ ದಿನ ಅದು ಉಪಕಾರವೇ. ಐದು ವರ್ಷ ಕಳೆದ ಮೇಲೂ ಅದೇ ಲೆಕ್ಕ ಮುಂದುವರಿದರೆ ಅದನ್ನು ಉಪಕಾರ ಅನ್ನಲಾಗದು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು, ಐಟಿಐ ಅರ್ಜಿಗೆ ಕ್ಯೂ ನಿಲ್ಲುವ ಹೊತ್ತಿಗೆ ಪ್ರತಿವರ್ಷ ಕೌಶಲದ ಮಾತು ಜೋರಾಗುತ್ತದೆ. ಜುಲೈ 15 ವಿಶ್ವ ಯುವ ಕೌಶಲ ದಿನ. ವಿಶ್ವಸಂಸ್ಥೆ 2014ರಲ್ಲಿ ಗೊತ್ತುಮಾಡಿದ್ದು. ಆ ದಿನದ ಭಾಷಣಗಳೆಲ್ಲ ಕೆಲಸ ಸಿಗದವರ ಬಗ್ಗೆ. ಕೆಲಸ ಸಿಕ್ಕಿಯೂ ನಿಂತಲ್ಲೇ ನಿಂತವರ ಸುದ್ದಿ ಯಾರೂ ಎತ್ತುವುದಿಲ್ಲ.

ಊರು ಬೆಳೆಯಿತು

ಕಡಕೊಳ ಈಗ ಹೆಸರಿಗೂ ಹಳ್ಳಿಯಲ್ಲ. ಮೈಸೂರಿನ ಅಂಚಿನ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿಗಳ ಜೊತೆಗೆ ಅದೂ ಪಟ್ಟಣ ಪಂಚಾಯಿತಿಯಾಯಿತು. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿ ನಂಜನಗೂಡಿನ ಕಡೆ ಹೊರಟರೆ ಬ್ಯಾತಹಳ್ಳಿಯಲ್ಲಿ ಟಿವಿಎಸ್ ದ್ವಿಚಕ್ರ ವಾಹನಗಳ ಕಾರ್ಖಾನೆ. ಮುಂದೆ ತಾಂಡವಪುರ, ಇಮ್ಮಾವಿನ ಏಷ್ಯನ್ ಪೇಂಟ್ಸ್, ನಂಜನಗೂಡಿನ ನೆಸ್ಲೆ ಕಾಫಿ, ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಸರ್ಕ್ಯೂಟ್ ಬೋರ್ಡು. ಕಡಕೊಳದ ರೈಲು ನಿಲ್ದಾಣದ ಬಳಿ ಕಂಟೇನರ್ ಕಾರ್ಪೊರೇಷನ್ನಿನ ಸರಕು ಕೇಂದ್ರ. ಪಕ್ಕದ ಕೋಚನಹಳ್ಳಿಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆಂದೇ ಕೈಗಾರಿಕಾ ಕ್ಲಸ್ಟರ್ ಮಾಡುತ್ತೇವೆಂದು ಸರ್ಕಾರ ಹೇಳಿದೆ.

ಕಾರ್ಖಾನೆಯೊಳಗಿನ ಏಣಿ ಎಲ್ಲರಿಗೂ ಗೊತ್ತಿರುವುದೇ. ಹೆಲ್ಪರ್, ಆಪರೇಟರ್, ಸೆಟ್ಟರ್, ಲೈನ್ ಲೀಡರ್, ಸೂಪರ್‌ವೈಸರ್. ಆಪರೇಟರ್ ಬಿಡಿಭಾಗ ಹಾಕುತ್ತಾನೆ, ಗುಂಡಿ ಒತ್ತುತ್ತಾನೆ, ತೆಗೆಯುತ್ತಾನೆ. ಟೂಲ್ ಬದಲಿಸಿ, ಅಳತೆ ಕೂರಿಸಿ, ಮೆಷಿನ್ನಿಗೆ ಹೊಸ ಕೆಲಸ ಹೇಳಿಕೊಡುವವನು ಸೆಟ್ಟರ್. ಇಬ್ಬರ ನಡುವೆ ಇರುವುದು ಡ್ರಾಯಿಂಗ್ ಓದುವುದು, ಮೈಕ್ರೊಮೀಟರ್ ಹಿಡಿಯುವುದು, ಒಂದಿಷ್ಟು ತ್ರಿಕೋನಮಿತಿ, ಕಂಟ್ರೋಲರ್ ಪರದೆಯ ಮೇಲಿನ ಇಂಗ್ಲಿಷು. ಕೆಲವು ತಿಂಗಳ ಪಾಠ ಅಷ್ಟೇ. ಆ ಪಾಠ ಹೇಳಲು ಪುರುಸೊತ್ತು ಯಾರಿಗೂ ಇಲ್ಲ.

ಕಾಂಟ್ರಾಕ್ಟ್ ಕೆಲಸಗಾರರದಂತೂ ಇನ್ನೊಂದು ಕಥೆ. ಗುತ್ತಿಗೆದಾರ ಬದಲಾದನೆಂದರೆ ಐಡಿ ಕಾರ್ಡು ಹೊಸದು, ಅನುಭವ ಮತ್ತೆ ಸೊನ್ನೆಯಿಂದ. ಮೆಷಿನ್ ಅದೇ, ಮನುಷ್ಯ ಅವನೇ. ಕಾಗದದ ಮೇಲೆ ಮಾತ್ರ ನಿನ್ನೆ ಸೇರಿದವನು.

ಕೆಳಗಿನ ಅಂತಸ್ತು ನಮ್ಮದು

ಕರ್ನಾಟಕದ ಕೈಗಾರಿಕಾ ನೀತಿಗಳಲ್ಲಿ ಒಂದು ಸಾಲು ಬರುತ್ತಲೇ ಇದೆ: ಕೆಳ ದರ್ಜೆಯ ಕೆಲಸ ಶೇ 100ರಷ್ಟು ಕನ್ನಡಿಗರಿಗೆ. ಸರೋಜಿನಿ ಮಹಿಷಿ ವರದಿಯ ಕಾಲದಿಂದ ನಡೆದು ಬಂದ ಬೇಡಿಕೆ ಅದು, ನ್ಯಾಯದ್ದೇ. ಆದರೆ ಕೆಳಗಿನ ಅಂತಸ್ತನ್ನು ಪೂರ್ತಿ ಬರೆಸಿಕೊಂಡವರು ಮೆಟ್ಟಿಲಿನ ಬಗ್ಗೆ ಅಷ್ಟೇ ಗಟ್ಟಿಯಾಗಿ ಕೇಳಿದ್ದು ಕಡಿಮೆ.

2024ರ ಜುಲೈ 15ರಂದು, ಕೌಶಲ ದಿನದಂದೇ, ರಾಜ್ಯ ಸಚಿವ ಸಂಪುಟ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳು ಗದ್ದಲವೆಬ್ಬಿಸಿದರು, ಎರಡು ದಿನದಲ್ಲಿ ಮಸೂದೆಗೆ ತಡೆ ಬಿತ್ತು. ಆ ಗದ್ದಲದಲ್ಲಿ ಯಾರೂ ಸರಿಯಾಗಿ ನೋಡದ ಅಂಶವೊಂದಿತ್ತು: ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಜೊತೆ ಕೈಜೋಡಿಸಿ ಮೂರು ವರ್ಷದೊಳಗೆ ಅವರನ್ನು ತಯಾರು ಮಾಡಬೇಕು. ಮೀಸಲಾತಿಯ ಪರ–ವಿರೋಧ ಏನೇ ಇರಲಿ, ಈ ಒಂದು ಕಲಮನ್ನು ಮಾತ್ರ ಬೇರೆ ತೆಗೆದು ಉಳಿಸಿಕೊಳ್ಳಬಹುದಿತ್ತು.

ಒಳಗೆ ಸೇರಿಸುವ ತರಬೇತಿಯಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದು ಹಲವು ಜಿಲ್ಲೆಗಳಿಗೆ ಹಬ್ಬಿದೆ, ಮೈಸೂರಿನದು ಮೇಟಗಳ್ಳಿಯಲ್ಲಿದೆ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಬಡ ಹಳ್ಳಿ ಮಕ್ಕಳನ್ನು ಆರಿಸಿ, ಮೂರು ವರ್ಷ ಊಟ ವಸತಿ ಕೊಟ್ಟು ಕಲಿಸುತ್ತದೆ. 2022ರ ಜೂನ್ 20ರಂದು ಪ್ರಧಾನಿ ಉದ್ಘಾಟಿಸಿದ 150 ‘ಟೆಕ್ನಾಲಜಿ ಹಬ್’ಗಳೆಲ್ಲ ನಮ್ಮ ಸರ್ಕಾರಿ ಐಟಿಐಗಳೇ, ಟಾಟಾ ಟೆಕ್ನಾಲಜೀಸ್ ಮತ್ತು ಇತರ ಕಂಪನಿಗಳ ಸಹಭಾಗಿತ್ವದಲ್ಲಿ 4,700 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ರೋಬಾಟು, ಸಿಎನ್‌ಸಿ ಮೆಷಿನ್ ಬಂದು ಕೂತಿವೆ.

ಇಷ್ಟೆಲ್ಲ ಇದ್ದೂ ಕೆಲಸದಲ್ಲಿರುವವನ ಪಾಲಿಗೆ ಬಾಗಿಲು ಮುಚ್ಚಿರುವುದೇಕೆ? ಲೆಕ್ಕ ಸರಳ. ಸರ್ಕಾರದ ಹಲವು ಯೋಜನೆಗಳಲ್ಲಿ ತರಬೇತಿ ಸಂಸ್ಥೆಯ ದುಡ್ಡು ‘ಎಷ್ಟು ಜನಕ್ಕೆ ಕೆಲಸ ಕೊಡಿಸಿದಿರಿ’ ಅನ್ನುವುದಕ್ಕೆ ಗಂಟುಬಿದ್ದಿದೆ. ಕೆಲಸ ಇರುವವನಿಗೆ ಕಲಿಸಿದರೆ ಆ ಪಟ್ಟಿಗೆ ಹೆಸರು ಸೇರುವುದಿಲ್ಲ. ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಹೊಣೆಗೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ನಿಯಮದ ಪ್ರಕಾರ ತನ್ನ ನೌಕರರಿಗಷ್ಟೇ ಲಾಭವಾಗುವ ಕೆಲಸ ಅದರಲ್ಲಿ ಲೆಕ್ಕಕ್ಕೆ ಬಾರದು. ದುರುಪಯೋಗ ತಡೆಯಲು ಮಾಡಿದ ನಿಯಮ, ಸರಿಯೇ. ಪರಿಣಾಮ ಮಾತ್ರ ಹೀಗಾಗಿದೆ: ಪಕ್ಕದ ಹಳ್ಳಿಯ ಹುಡುಗನಿಗೆ ಕಲಿಸಿದರೆ ಸೇವೆ, ತನ್ನ ಲೈನಿನಲ್ಲಿರುವ ಅವನ ಅಣ್ಣನಿಗೆ ಕಲಿಸಿದರೆ ಬರೀ ಖರ್ಚು.

ಬಾಕ್ಸ್: ಅಪ್ರೆಂಟಿಸ್ ಆಗಿದ್ದೀರಾ? ತಿಳಿದಿರಲಿ
1961ರ ಶಿಷ್ಯವೃತ್ತಿ ಕಾಯ್ದೆಯಡಿ, 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪ್ರಮಾಣ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15. ಗುತ್ತಿಗೆ ನೌಕರರೂ ಈ ಒಟ್ಟು ಲೆಕ್ಕದಲ್ಲಿ ಸೇರುತ್ತಾರೆ. 2019ರ ತಿದ್ದುಪಡಿಯಲ್ಲಿ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದಾಯಿತು. ಅದನ್ನು ಶೇ 36 ಏರಿಸಬೇಕೆಂದು ಕೇಂದ್ರ ಶಿಷ್ಯವೃತ್ತಿ ಮಂಡಳಿ 2025ರ ಮೇನಲ್ಲಿ ಶಿಫಾರಸು ಮಾಡಿತು. ಅಪ್ರೆಂಟಿಸ್ ಕಾನೂನಿನ ಕಣ್ಣಲ್ಲಿ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಹಾಗಾಗಿ ಕಲಿಸದೆ ಬರೀ ಪ್ರೊಡಕ್ಷನ್ ಮಾಡಿಸಿಕೊಂಡರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ.

ಬೆಂಗಳೂರಿನ ಐದು ಗಾರ್ಮೆಂಟ್ಸ್

‘ಕಲಿಸಿದರೆ ಬಿಟ್ಟು ಹೋಗುತ್ತಾರೆ, ತರಬೇತಿಯೇ ನಷ್ಟ’ ಅನ್ನುವುದು ಮ್ಯಾನೇಜರುಗಳ ಹಳೆಯ ರಾಗ. ಆ ನಷ್ಟದ ಮಾತು ಎಷ್ಟು ನಿಜ ಅಂತ ಕರ್ನಾಟಕದಲ್ಲೇ ಅಳೆದು ನೋಡಿದ್ದಾರೆ.

ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2007ರಲ್ಲಿ ‘ಪೇಸ್’ ಎಂಬ ತರಬೇತಿಯನ್ನು ಭಾರತದಲ್ಲಿ ಆರಂಭಿಸಿತು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಮಾತನಾಡುವುದು, ಹೊತ್ತು ಹೊಂದಿಸುವುದು, ತಾಪತ್ರಯ ಬಂದಾಗ ಬಿಡಿಸಿಕೊಳ್ಳುವುದು, ದುಡ್ಡಿನ ಲೆಕ್ಕ ಇವನ್ನೆಲ್ಲ ಕಲಿಸುವ ಕಾರ್ಯಕ್ರಮ. ಪಾಠ ರೂಪಿಸುವುದರಲ್ಲಿ ಬೆಂಗಳೂರಿನ ಸ್ವಸ್ತಿ ಸಂಸ್ಥೆಯ ಪಾಲೂ ಇತ್ತು. ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಇದನ್ನು ನಡೆಸಿದಾಗ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ ಲೆಕ್ಕವಿಟ್ಟರು. ಸೇರಲು ಇಷ್ಟಪಟ್ಟವರಲ್ಲಿ ಲಾಟರಿ ಎತ್ತಿ ಕೆಲವರಿಗೆ ತರಬೇತಿ, ಉಳಿದವರೊಂದಿಗೆ ಹೋಲಿಕೆ.

ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಹೊತ್ತಿನ ಹಂಚಿಕೆ. ವಾರಕ್ಕೆ ಎರಡು ಗಂಟೆ ಪಾಠ: ಒಂದು ಗಂಟೆ ಕಂಪನಿಯ ಪ್ರೊಡಕ್ಷನ್ ಹೊತ್ತಿನಿಂದ, ಇನ್ನೊಂದು ಗಂಟೆ ಕೆಲಸಗಾರ್ತಿಯ ಸ್ವಂತ ಹೊತ್ತಿನಿಂದ. ಟಾರ್ಗೆಟ್ ಅನ್ನುವುದು ದೇವರಾಗಿರುವ ಜಾಗದಲ್ಲಿ ಒಂದು ಗಂಟೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಫಲ? ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 13.5 ಹೆಚ್ಚಿತ್ತು. ಮಾತು ಬಂತು, ಧೈರ್ಯ ಬಂತು, ಹೊಲಿಗೆಯ ಹೊಸ ಕೆಲಸಗಳನ್ನು ಕಲಿಯುವ ಹುಮ್ಮಸ್ಸೂ ಬಂತು. ಸಂಬಳ ಏರಿದ್ದು ಶೇ 0.5.

ಇನ್ನೊಮ್ಮೆ ಓದಿಕೊಳ್ಳಿ. ಕೆಲಸ ನೂರಕ್ಕೆ ಹದಿಮೂರೂವರೆ ಹೆಚ್ಚು, ಕೂಲಿ ನೂರಕ್ಕೆ ಅರ್ಧ ಹೆಚ್ಚು. ತರಬೇತಿಯಿಂದ ನಷ್ಟವೆಂಬ ಮಾತನ್ನು ಈ ಅಧ್ಯಯನ ಒಂದೇ ಏಟಿಗೆ ಮುಗಿಸಿತು; ಲಾಭ ಯಾರ ಜೇಬಿಗೆ ಹೋಯಿತು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿಟ್ಟಿತು. ಹೀಗಾಗಿಯೇ ‘ಸಹಭಾಗಿತ್ವ’ ಎಂದಾಗಲೆಲ್ಲ ನಾನು ಮೊದಲು ಹುಡುಕುವುದು ಸಂಬಳದ ಅಂಕಣವನ್ನು. ಸರ್ಟಿಫಿಕೇಟ್ ಹಿಡಿದು ಗ್ರೂಪ್ ಫೋಟೊ ತೆಗೆಸಿಕೊಂಡವರ ಮುಂದಿನ ತಿಂಗಳ ಪೇ ಸ್ಲಿಪ್ಪಿನಲ್ಲಿ ಏನಿದೆ ಎಂದು ಯಾವ ಪತ್ರಿಕಾ ಪ್ರಕಟಣೆಯೂ ಹೇಳುವುದಿಲ್ಲ.

ಕೆಲಸದಲ್ಲೇ ಕಲಿತದ್ದನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲೇ ಬಂತು. ಶಾಲೆ ಬಿಟ್ಟು ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದವನಿಗೆ ಮೊದಲ ಸಲ ಒಂದು ಕಾಗದ. ಒಳ್ಳೆಯ ಯೋಚನೆ. ಆದರೆ ಕನಿಷ್ಠ ಕೂಲಿಯಲ್ಲಿ ಕುಶಲ, ಅರೆಕುಶಲ ಎಂದು ವಿಂಗಡಿಸುವುದು ಮಾಡುವ ಕೆಲಸ ನೋಡಿ, ಕೈಯಲ್ಲಿರುವ ಕಾಗದ ನೋಡಿ ಅಲ್ಲ. ಆ ಕಾಗದವನ್ನು ಕೂಲಿಯ ಮೆಟ್ಟಿಲಿಗೆ ಜೋಡಿಸದಿದ್ದರೆ ಅದು ಗೋಡೆಗೆ ಚೆಂದ.

ಮುಚ್ಚಿದ ಮೇಲೆ ನೆನಪಾಗುವ ಕಾನೂನು

ಮೈಸೂರಿಗೆ ಕಾರ್ಖಾನೆ ಮುಚ್ಚುವ ನೋವು ಹೊಸದಲ್ಲ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಕಡಕೊಳದ ಮುಂದಿನ ತಾಂಡವಪುರದಲ್ಲಿ ಸೂಟು ಬಟ್ಟೆ ನೇಯುತ್ತಿದ್ದ ರೀಡ್ ಅಂಡ್ ಟೇಲರ್ ಸಾಲದಲ್ಲಿ ಮುಳುಗಿತು; 2019ರಲ್ಲಿ ಕಂಪನಿ ನ್ಯಾಯಮಂಡಳಿ ಅದರ ಸಮಾಪನಕ್ಕೆ ಆದೇಶಿಸಿತು. ಹೀಗೆ ಹೊರಬಿದ್ದ ನುರಿತ ಕೈಗಳು ಬೇರೆ ಗೇಟಿನ ಮುಂದೆ ನಿಂತರೆ ಅಲ್ಲಿ ಮತ್ತೆ ‘ಪಾಸ್/ಫೇಲ್’ ಸಾಲು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಮರುಕೌಶಲ ನಿಧಿ ಎಂಬುದೊಂದಿದೆ. ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದ ಪ್ರತಿ ಕಾರ್ಮಿಕನಿಗೆ ಮಾಲೀಕ ಹದಿನೈದು ದಿನದ ಸಂಬಳದಷ್ಟು ಹಣವನ್ನು ಈ ನಿಧಿಗೆ ಕಟ್ಟಬೇಕು. 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ಅಂದರೆ, ಹೊಸದು ಕಲಿಯಲು ದುಡ್ಡು ಸಿಗುವುದು ಕೆಲಸ ಹೋದ ಮೇಲೆ. ಅದೂ ಹದಿನೈದು ದಿನದ್ದು. ಯಾವ ಕಸುಬನ್ನು ಹದಿನೈದು ದಿನದಲ್ಲಿ ಕಲಿಯುತ್ತಾರೋ ಸಂಹಿತೆ ಬರೆದವರೇ ಹೇಳಬೇಕು.

ಇದೇ ನೋವಿನಿಂದ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದಲ್ಲಿ ಬೇರೆ ಬೆಳೆ ಬಂತು. 1990ರಲ್ಲಿ ಅಲ್ಲಿನ ಲೀವೈಸ್ ಬಟ್ಟೆ ಕಾರ್ಖಾನೆ ಮುಚ್ಚಿ ಸುಮಾರು ಸಾವಿರ ಮಂದಿ ಬೀದಿಗೆ ಬಿದ್ದರು. ಚರ್ಚುಗಳ ಸುತ್ತ ಕಟ್ಟಿದ ಜನಸಂಘಟನೆಗಳು ನಗರಾಡಳಿತ, ಕಾಲೇಜು, ಆಸ್ಪತ್ರೆಗಳನ್ನು ಒಂದೇ ಮೇಜಿಗೆ ಕರೆತಂದು 1992ರಲ್ಲಿ ‘ಪ್ರಾಜೆಕ್ಟ್ ಕ್ವೆಸ್ಟ್’ ಕಟ್ಟಿದವು. ಫೀಸು, ಪುಸ್ತಕ, ಬಸ್ ಚಾರ್ಜು ಕೊಟ್ಟು, ವಾರವಾರ ಕೂರಿಸಿ ಮಾತಾಡಿಸಿ, ನರ್ಸಿಂಗಿನಂಥ ಕೋರ್ಸು ಮುಗಿಯುವವರೆಗೆ ಕೈಬಿಡಲಿಲ್ಲ. ಲಾಟರಿ ಹೋಲಿಕೆಯ ಅಧ್ಯಯನದಲ್ಲಿ, ಸೇರಿದ ಒಂಬತ್ತನೇ ವರ್ಷ ಅವರ ವಾರ್ಷಿಕ ಗಳಿಕೆ ಉಳಿದವರಿಗಿಂತ ಐದು ಸಾವಿರ ಡಾಲರಿಗೂ ಹೆಚ್ಚಿತ್ತು. ಪೇಸ್‌ಗೂ ಇದಕ್ಕೂ ನಡುವೆ ಇರುವ ಅಂತರವನ್ನು ಗಮನಿಸಿ: ಕ್ವೆಸ್ಟ್‌ನಲ್ಲಿ ಕಲಿತದ್ದು ಕಲಿತವರ ಜೊತೆ ನಡೆದು ಹೋಗುವಂಥ, ಇನ್ನೊಂದು ಆಸ್ಪತ್ರೆಯೂ ಬೆಲೆ ಕೊಡುವಂಥ ಅರ್ಹತೆ.

ಖರ್ಚಿನ ಪ್ರಶ್ನೆಗೆ ಸಿಂಗಪುರ 1979ರಲ್ಲೇ ಒಂದು ಉತ್ತರ ಕಂಡುಕೊಂಡಿತು. ಮಾಲೀಕರು ಪ್ರತಿ ನೌಕರನ ಸಂಬಳದ ಮೇಲೆ ಶೇ 0.25ರಷ್ಟು ಕೌಶಲ ಸುಂಕ ಕಟ್ಟುತ್ತಾರೆ. ನೌಕರ ತರಗತಿಯಲ್ಲಿ ಕೂತ ಗಂಟೆಗಳ ಸಂಬಳದಲ್ಲಿ ಒಂದು ಪಾಲನ್ನು ಕಂಪನಿಗೆ ಮರಳಿಸುವ ವ್ಯವಸ್ಥೆಯೂ ಇದೆ. ನಮಗೆ ಇಂಥದ್ದು ಅಪರಿಚಿತವೇನಲ್ಲ. ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಎತ್ತಿ ಕಟ್ಟಡ ಕಾರ್ಮಿಕರ ಮಂಡಳಿಯನ್ನು ಕರ್ನಾಟಕ ನಡೆಸುತ್ತಲೇ ಇದೆ.

ಬಾಕ್ಸ್: ಉಜಿರೆಯಲ್ಲಿ ಹುಟ್ಟಿದ್ದು
ಸಹಭಾಗಿತ್ವದ ತರಬೇತಿಗೆ ದೇಶಕ್ಕೇ ಮಾದರಿಯಾದದ್ದು ನಮ್ಮ ರುಡ್‌ಸೆಟ್. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದವು. ಊಟ, ವಸತಿ, ಪಾಠ ಎಲ್ಲ ಉಚಿತ. ಮುಗಿದ ಮೇಲೆ ಸಾಲ ಕೊಡಿಸುವವರೆಗೂ ಬೆನ್ನಿಗಿರುತ್ತಾರೆ. ಇದನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಇಂಥದ್ದೇ ತರಬೇತಿ ಸಂಸ್ಥೆ, ಮಾಡಿಸಿತು. ಮೈಸೂರಿನಲ್ಲೂ ರುಡ್‌ಸೆಟ್ ಇದೆ. ಆದರೆ ಇದು ಸ್ವಂತ ಉದ್ಯೋಗ ಹೂಡುವವರ ದಾರಿ, ಕಾರ್ಖಾನೆಯೊಳಗೆ ಮೇಲೇರುವವರದಲ್ಲ.

ಶಿಫ್ಟು ಮುಗಿದ ಮೇಲೆ

ಕಡಕೊಳದ ಆಪರೇಟರೊಬ್ಬ ಕಲಿಯಲು ಹೊರಟ ಅನ್ನಿ. ಜಿಟಿಟಿಸಿ ಮೇಟಗಳ್ಳಿಯಲ್ಲಿ, ಪ್ಲಾಸ್ಟಿಕ್ ತಂತ್ರಜ್ಞಾನ ಹೇಳಿಕೊಡುವ ಸಿಪೆಟ್ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಎರಡೂ ಊರಿನ ಬಡಗಣ ತುದಿ. ಇವನಿರುವುದು ತೆಂಕಣ ತುದಿಯಾಚೆ. ಶಿಫ್ಟು ಮುಗಿಸಿ, ಬಸ್ ಹಿಡಿದು, ಊರೊಳಗೆ ಇಳಿದು ಇನ್ನೊಂದು ಬಸ್ ಹತ್ತಿ ಅಲ್ಲಿ ಮುಟ್ಟುವ ಹೊತ್ತಿಗೆ ತರಗತಿ ಇದ್ದರೂ ಅರ್ಧ ಮುಗಿದಿರುತ್ತದೆ. ಮುಂದಿನ ವಾರ ಸೆಕೆಂಡ್ ಶಿಫ್ಟು. ಆಗ ಸಂಜೆಯ ತರಗತಿಗೆ ಹೋಗುವಂತೆಯೇ ಇಲ್ಲ. ಹೆಂಗಸರಿಗಾದರೆ ಮನೆಗೆ ಹೋಗಿ ಮಾಡಬೇಕಾದ ಮೂರನೇ ಶಿಫ್ಟೂ ಇದೆ.

ಅದೇ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ವಿಶಾಲ ತರಬೇತಿ ಕೇಂದ್ರವೂ ಇದೆ. ಎಂಜಿನಿಯರಿಂಗ್ ಮುಗಿಸಿ ಬಂದವರು ಸಂಬಳ ಪಡೆಯುತ್ತಲೇ ತಿಂಗಳುಗಟ್ಟಲೆ ತರಗತಿಯಲ್ಲಿ ಕೂರುತ್ತಾರೆ. ಪದವಿ ಇದ್ದವರಿಗೆ ಸಂಬಳದೊಂದಿಗೆ ಪಾಠ ಅನ್ನುವುದು ಮಾಮೂಲು. ಪದವಿ ಇಲ್ಲದವರಿಗೆ ಅದೇ ಮಾತೆತ್ತಿದರೆ ‘ಪ್ರೊಡಕ್ಷನ್ ಲಾಸ್’.

ಕೆಲಸ ಮಾಡುತ್ತ ಓದುವವರನ್ನು ಈ ರಾಜ್ಯ ಮೊದಲೇ ಗುರುತಿಸಿತ್ತು. ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಎರಡು ಲಕ್ಷ ರೂಪಾಯಿಯನ್ನು ವಿಶ್ವೇಶ್ವರಯ್ಯ ಕಸುಬು ಕಲಿಸುವ ಶಾಲೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದ್ದು ಹಾಗೆ. ಅದೇ ಹೆಸರಿನ ಸಂಜೆ ಪಾಲಿಟೆಕ್ನಿಕ್ ಹಗಲು ದುಡಿದವರಿಗೆ ಡಿಪ್ಲೊಮಾ ದಾರಿ ತೆರೆಯಿತು. ಕಾರ್ಖಾನೆಗಳು ಈಗ ಕಡಕೊಳಕ್ಕೆ ಬಂದಿವೆ, ಆ ಸಂಜೆ ಪಾಲಿಟೆಕ್ನಿಕ್ ಬೆಂಗಳೂರಿನಲ್ಲೇ ಉಳಿದಿದೆ.

ಬಾಕ್ಸ್: ಇರುವ ದಾರಿಗಳು
ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಡಿಪ್ಲೊಮಾದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಓದು ಅರ್ಧಕ್ಕೆ ನಿಂತವರಿಗೆ ಮೈಸೂರಿನಲ್ಲೇ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಐಟಿಐ ಇಲ್ಲದೆ ಕೆಲಸ ಕಲಿತವರು ಆರ್‌ಪಿಎಲ್ ಪ್ರಮಾಣಪತ್ರಕ್ಕೆ ಕೇಳಬಹುದು. ಕಂಪನಿಯ ಆವರಣದಲ್ಲೇ ಪರೀಕ್ಷೆ ನಡೆಸಲು ಅವಕಾಶವಿದೆ.

ಆಗಬೇಕಾದದ್ದು ದೊಡ್ಡದೇನಲ್ಲ. ಕಡಕೊಳ–ನಂಜನಗೂಡು ಸಾಲಿನ ಕಾರ್ಖಾನೆಗಳು ಸೇರಿ, ಜಿಟಿಟಿಸಿಯ ಪಾಠ ಮತ್ತು ಪರೀಕ್ಷೆಯನ್ನೇ ಇಟ್ಟುಕೊಂಡು, ಇಲ್ಲೇ ರಸ್ತೆ ಪಕ್ಕ ಒಂದು ಕೇಂದ್ರ ತೆರೆಯಬೇಕು. ಶಿಫ್ಟಿನ ಜೊತೆಗೆ ತಿರುಗುವ ವೇಳಾಪಟ್ಟಿ ಇರಬೇಕು: ಬೆಳಗ್ಗೆ ತಪ್ಪಿದ ಪಾಠ ಸಂಜೆ ಸಿಗಬೇಕು. ಸರಕು ಕೇಂದ್ರದಲ್ಲಿ ಮೂಟೆ ಹೊರುವವನು ಫೋರ್ಕ್‌ಲಿಫ್ಟ್ ಕಲಿಯಲು ಸಾಧ್ಯವಾಗಬೇಕು, ಹೆಲ್ಪರ್ ಆದವಳು ಸೆಟ್ಟರ್ ಆಗಲು. ಕೋಚನಹಳ್ಳಿಗೆ ಹೊಸ ಕಂಪನಿಗಳು ಬರುವುದಾದರೆ, ಅವು ಜಮೀನಿಗೆ ಅರ್ಜಿ ಹಾಕುವಾಗಲೇ ಇದನ್ನು ಷರತ್ತಾಗಿ ಬರೆಸಿಕೊಳ್ಳಬಹುದು. ಜಮೀನು ಕೈಬಿಟ್ಟ ಮೇಲೆ ಕೇಳಿದರೆ ಸಿಗುವುದು ಆಶ್ವಾಸನೆ.

ಇಂಥ ಒಪ್ಪಂದಗಳಿಗೆ ಸಹಿ ಬೀಳುವಾಗ ಫೋಟೊಗೆ ನಿಲ್ಲುವ ಅಧಿಕಾರಿಗಳಲ್ಲಿ, ಕಂಪನಿಗಳ ಎಚ್.ಆರ್. ಮುಖ್ಯಸ್ಥರಲ್ಲಿ, ಕಾರ್ಮಿಕ ಸಂಘದವರಲ್ಲಿ ಒಂದು ಕೋರಿಕೆ: ಒಪ್ಪಂದದಲ್ಲಿ ಮೂರು ವಿಷಯ ಬರೆಸಿ. ತರಗತಿಯ ಗಂಟೆಗೆ ಸಂಬಳ ಯಾರು ಕೊಡುತ್ತಾರೆ, ಪಾಸಾದವರಿಗೆ ಎಷ್ಟು ರೂಪಾಯಿ ಹೆಚ್ಚುತ್ತದೆ, ಯಾವ ತಿಂಗಳಿನಿಂದ.